ಕೆಳಗಿದ್ದವರು ಕರೆದರೆ

ದೊಡ್ಡಪ್ಪನ ಮನೆಯ ಜಗಲಿಯಲ್ಲಿದ್ದ ಚದುರಂಗದ ಹಲಗೆಗೆ ಉದ್ದಕ್ಕೂ ಹತ್ತು ಮನೆ, ಅಗಲಕ್ಕೂ ಹತ್ತು ಮನೆ. ಎಲ್ಲರೂ ಆಡುವ ಎಂಟು ಮನೆಯ ಹಲಗೆಯನ್ನು ನಾನು ನೋಡಿದ್ದು ಆಮೇಲೆ. ಮೊದಲ ಸಲ ನೋಡಿದಾಗ ಅದರ ಅಂಚನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ ಅನಿಸಿತು.

ನಾನು ಹೊಳೆಹೊನ್ನೂರಿನಿಂದ ಓದಲೆಂದು ಜನ್ನಾಪುರಕ್ಕೆ ಬಂದದ್ದು ೧೯೯೬ರ ಜೂನ್‌ನಲ್ಲಿ. ಡೈರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಅಂಟಿದ ಚಟ. ಬಸ್ಸು ಎಷ್ಟು ತಡವಾಯಿತು, ಯಾವ ದಿನ ನಲ್ಲಿ ಬಂತು, ಯಾರು ಊಟಕ್ಕಿದ್ದರು, ಎಲ್ಲಕ್ಕೂ ಗೆರೆ ಎಳೆದು ಲೆಕ್ಕ ಇಡುತ್ತಿದ್ದೆ. "ನಾನು ಕೆಮ್ಮಿದ್ದೂ ಬರ್ಕೊಂಡಿದೀಯೇನೇ ಮಾರಾಯ್ತಿ?" ಎಂದು ದೊಡ್ಡಪ್ಪ ಕೇಳುತ್ತಿದ್ದರು. ಬರೆದುಕೊಂಡಿದ್ದೆ. ತಾರೀಖುಗಳೆಲ್ಲ ಅದರಲ್ಲಿವೆ. ಇಲ್ಲಿ ತಿಂಗಳು ಹೇಳಿದರೆ ಸಾಕು.

ದೊಡ್ಡಪ್ಪ ನನ್ನ ಅಪ್ಪನ ಅಣ್ಣ. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಪ್ಯಾಟ್ರನ್ ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಬ್ಬಿಣದ ಒಂದು ವಸ್ತುವನ್ನು ಎರಕ ಹೊಯ್ಯಬೇಕಾದರೆ ಮೊದಲು ಅದನ್ನು ಮರದಲ್ಲಿ ಮಾಡಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ಹೊರತೆಗೆದರೆ ಅದರ ಆಕಾರದ ಹಳ್ಳ ಉಳಿಯುತ್ತದೆ. ಅದರೊಳಗೆ ಕಾದ ಕಬ್ಬಿಣ ಹೋಗುತ್ತದೆ. ಮರಳಿನ ಕೆಲಸ ಮಾಡುವವರು ಮೋಲ್ಡರ್‌ಗಳು. ದೊಡ್ಡಪ್ಪನ ಜೀವದ ಗೆಳೆಯ ಒಬ್ಬ ಮೋಲ್ಡರ್, ಮನೆಮಾತು ತಮಿಳು, ಹಿಂದಿನ ಬೀದಿಯಲ್ಲೇ ಮನೆ. ನಾನು ಅವರನ್ನು ಮಾಮ ಎನ್ನುತ್ತಿದ್ದೆ. "ಮರ ನನ್ನ ಕೆಲಸ, ಖಾಲಿ ಜಾಗ ಅವನ ಕೆಲಸ" ಎಂದು ದೊಡ್ಡಪ್ಪ ಇಬ್ಬರ ಪರಿಚಯ ಮಾಡಿಕೊಟ್ಟಿದ್ದರು.

ಹಲಗೆ ಇಬ್ಬರೂ ಸೇರಿ ಮಾಡಿದ್ದು. ಯಾವ ಕಾಲದಲ್ಲೋ ಹೊರಗಿನಿಂದ ಬಂದಿದ್ದ ಒಬ್ಬ ಎಂಜಿನಿಯರು, ಚದುರಂಗದ ಹಲಗೆಯನ್ನು ದೊಡ್ಡದು ಮಾಡಿ ಹೊಸ ಕಾಯಿ ಸೇರಿಸಿ ಆಡುವವರೂ ಇದ್ದಾರೆ ಎಂದು ಮಾತಿಗೆ ಹೇಳಿದ್ದರಂತೆ. ಇವರಿಬ್ಬರೂ ಅದನ್ನು ಬಿಡಲಿಲ್ಲ. ರಾಜ, ಮಂತ್ರಿ, ಎರಡು ಆನೆ, ಎರಡು ಒಂಟೆ, ಎರಡು ಕುದುರೆ ಇದ್ದ ಸಾಲಿಗೆ ಇನ್ನೆರಡು ಕಾಯಿ ಸೇರಿಸಿದರು. ಒಂದು ಆನೆಗುದುರೆ: ಆನೆಯ ಹಾಗೆ ನೇರವಾಗಿಯೂ ಹೋಗುತ್ತದೆ, ಕುದುರೆಯ ಹಾಗೆ ಜಿಗಿಯುತ್ತದೆ. ಇನ್ನೊಂದು ಒಂಟೆಗುದುರೆ: ಒಂಟೆಯ ಹಾಗೆ ಓರೆಯಾಗಿಯೂ ಹೋಗುತ್ತದೆ, ಜಿಗಿಯಲೂ ಜಿಗಿಯುತ್ತದೆ. ಮುಂದೆ ಹತ್ತು ಕಾಲಾಳು.

ದೊಡ್ಡಪ್ಪ ಈ ಜೋಡಿ ಕಾಯಿಗಳನ್ನು ಶಾಪಿನಲ್ಲಿ ದೊಡ್ಡ ಅಚ್ಚುಗಳನ್ನು ಮಾಡುವ ರೀತಿಯಲ್ಲೇ ಮಾಡಿದ್ದರು. ಎರಡು ಅರ್ಧ, ನಡುವೆ ಮರದ ಸಣ್ಣ ಗೂಟ. ಕೆಳಗಿನ ಅರ್ಧ ಆನೆ, ಮೇಲಿನ ಅರ್ಧ ಕುದುರೆ. ಕೂಡಿಸಿದರೆ ಸಂದು ಉಗುರಿಗೂ ಸಿಗುತ್ತಿರಲಿಲ್ಲ. ಬಿಡಿಸಿದರೆ ಎರಡೂ ತಾವಾಗಿ ನಿಲ್ಲುತ್ತಿದ್ದವು. ಅದರಿಂದ ಹುಟ್ಟಿದ್ದೇ ಅವರ ಆಟದ ನಿಯಮ. ಜೋಡಿ ಕಾಯಿಯನ್ನು ಹೊಡೆದರೆ ಅದು ಪೂರ್ತಿ ಸಾಯುವುದಿಲ್ಲ. ಹೊಡೆದವನು ತನಗೆ ಬೇಕಾದ ಅರ್ಧವನ್ನು ಕಳಚಿ ಇಟ್ಟುಕೊಳ್ಳುತ್ತಾನೆ. ಉಳಿದ ಅರ್ಧವನ್ನು ಕಳೆದುಕೊಂಡವನು ತನ್ನ ಮೊದಲ ಸಾಲಿನ ಯಾವುದಾದರೂ ಖಾಲಿ ಮನೆಯಲ್ಲಿ ಇಟ್ಟು ಆಟ ಮುಂದುವರಿಸುತ್ತಾನೆ.

ಇನ್ನೊಂದು ನಿಯಮ ಹಲಗೆಯ ಹೊರಗಿನದು. ಒಟ್ಟು ಲೆಕ್ಕದಲ್ಲಿ ಹೆಚ್ಚು ಆಟ ಸೋತು ಕೆಳಗಿರುವವನು ಕರೆದರೆ ಮೇಲಿರುವವನು ಬಂದು ಕೂರಲೇಬೇಕು. ಲೆಕ್ಕ ಸಮವಾದ ಮೇಲಷ್ಟೇ ಅವನಿಗೆ ಬಿಡುಗಡೆ. ಇದು ಶಾಪಿನ ಊಟದ ಬಿಡುವಿನಲ್ಲಿ ಹುಟ್ಟಿದ ಕಟ್ಟಳೆ. ಸೋತ ಮುಖ ಹೊತ್ತುಕೊಂಡು ಕಾದ ಕಬ್ಬಿಣದ ಹತ್ತಿರ ನಿಲ್ಲಬಾರದು, ಕೈ ತಪ್ಪುತ್ತದೆ ಎನ್ನುವುದು ಅವರ ನಂಬಿಕೆ. ನಿವೃತ್ತರಾದ ಮೇಲೆ ಕಬ್ಬಿಣ ದೂರವಾಯಿತು, ಕಟ್ಟಳೆ ಉಳಿಯಿತು. ಸಂಜೆ ನಾಲ್ಕರ ಹೊತ್ತಿಗೆ ಮಾಮ ಗೇಟಿನ ಚಿಲಕವನ್ನು ಎರಡು ಸಲ ಬಡಿಯುತ್ತಿದ್ದರು.

"ಏನಪ್ಪಾ, ನಾನು ಕೆಳಗಿದೀನಿ. ಬಾ."

"ನೀನು ಯಾವತ್ತು ಮೇಲಿದ್ದೆ ಮಾರಾಯ?"

"ಡೇಯ್, ಹೋದ ದೀಪಾವಳಿಗೆ ಯಾರು ಅಳ್ತಾ ಕೂತಿದ್ರು? ತಂಗಚ್ಚೀ, ನೀವೇ ಸಾಕ್ಷಿ ಹೇಳಿ."

ದೊಡ್ಡಮ್ಮ ಒಳಗಿನಿಂದಲೇ, "ನನ್ನನ್ನ ಎಳೀಬೇಡಿ ಅಣ್ಣಾ. ಇಬ್ರೂ ಸೋತ್ರೆ ನಂಗೆ ಟೀಪುಡಿ ಉಳಿಯುತ್ತೆ" ಎನ್ನುತ್ತಿದ್ದರು.

ಇಬ್ಬರ ಒಟ್ಟು ಲೆಕ್ಕ ಅವರವರ ತಲೆಯಲ್ಲಿ ಬೇರೆ ಬೇರೆಯಾಗಿತ್ತು. ದಿನಾ ಅದಕ್ಕೇ ಜಗಳ. ನನ್ನ ಚಟ ನೋಡಿ ಮಾಮನೇ ತೀರ್ಮಾನ ಮಾಡಿದರು. "ಹಳೇದೆಲ್ಲ ಸುಟ್ಟಾಕಿ. ಇವತ್ತಿಂದ ಸೊನ್ನೆ. ಪಾಪ್ಪಾ ಬರೀತಾಳೆ, ಅವಳು ಬರೆದದ್ದೇ ಕೋರ್ಟು." ಹೀಗೆ ನಾನು ಅಂಪೈರ್ ಆದೆ. ಆಡಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂತು ಬರೆದೆ.

೧೯೯೮ರ ಜನವರಿಯಲ್ಲಿ ಮಾಮನಿಗೆ ಜ್ವರ ಬಂತು. ವಾರ ತುಂಬುವಷ್ಟರಲ್ಲಿ ಹೋಗಿಬಿಟ್ಟರು. ಆವತ್ತಿಗೆ ಅವರು ಆರು ಆಟ ಕೆಳಗಿದ್ದರು.

ಅವರ ಮನೆಯಲ್ಲಿ ಹದಿನಾರನೇ ದಿನದ ಕಾರ್ಯ ಮುಗಿದ ಮಾರನೆಯ ಸಂಜೆ ದೊಡ್ಡಪ್ಪ ಹಲಗೆ ಹೊರಗೆ ತಂದರು. ಬಣ್ಣ ಮಾಸಿದ ಬೆತ್ತದ ಕುರ್ಚಿಯೊಂದಿತ್ತು, ಅದು ಮಾಮನದು. ಅದನ್ನು ಎದುರಿಗೆ ಎಳೆದರು. ಎರಡೂ ಕಡೆಯ ಕಾಯಿ ಜೋಡಿಸಿದರು.

"ಯಾರ ಜೊತೆ ದೊಡ್ಡಪ್ಪ?" ಎಂದೆ.

"ಕರೆದ. ಕೆಳಗಿದಾನಲ್ಲ, ಕರೀತಾನೆ."

ಅವರು ಹೇಳಿದ್ದು ಬಸ್ಸು ಬಂತು ಎನ್ನುವ ದನಿಯಲ್ಲಿ. ನಾನೂ ಹೆಚ್ಚು ಯೋಚಿಸಲಿಲ್ಲ. ಮುದುಕರು ದುಃಖವನ್ನು ಹೀಗೆ ಕಳೆಯುತ್ತಾರೇನೋ ಅಂದುಕೊಂಡೆ. ಅವರು ತಮ್ಮ ಕಡೆಯಿಂದ ಒಂದು ನಡೆ ಆಡಿದರು, ಹೆಗಲ ಟವೆಲನ್ನು ತಮ್ಮ ಕುರ್ಚಿಯ ಮೇಲಿಟ್ಟರು, ಎದ್ದು ಸುತ್ತಿ ಬಂದು ಬೆತ್ತದ ಕುರ್ಚಿಯಲ್ಲಿ ಕೂತು ಮಾಮನ ನಡೆ ಆಡಿದರು. ಮತ್ತೆ ಎದ್ದರು. ಆ ಆಟ ಮಾಮನ ಕಡೆ ಗೆದ್ದಿತು.

"ಬರ್ಕೋ. ಐದು."

ಬರೆದುಕೊಂಡೆ.

ಫೆಬ್ರವರಿ ಪೂರ್ತಿ ಹೀಗೇ ನಡೆಯಿತು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಗೆದ್ದರೂ ಮಾಮನ ಬಾಕಿ ಮೆಲ್ಲಗೆ ಇಳಿಯುತ್ತಿತ್ತು. ನೋಡುತ್ತಾ ಕೂತವಳಿಗೆ ಕೆಲವು ಸಂಗತಿ ಕಾಣಿಸತೊಡಗಿದವು. ತಮ್ಮ ಕುರ್ಚಿಯಲ್ಲಿ ಕೂತಾಗ ದೊಡ್ಡಪ್ಪ ಒಂದು ನಡೆಗೆ ಬೀಡಿ ಸೇದಿ ಮುಗಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಬೆತ್ತದ ಕುರ್ಚಿಗೆ ಬಂದರೆ ಕೂರುವ ಮೊದಲೇ ಕೈ ಹೋಗುತ್ತಿತ್ತು. ಮಾಮನಿಗೆ ಚಿಕ್ಕಂದಿನಿಂದ ಬಲಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ, ಕಾಯಿಯನ್ನು ಹೆಬ್ಬೆರಳು ಮತ್ತು ಉಂಗುರದ ಬೆರಳಿನಲ್ಲಿ ಹಿಡಿದು ಎತ್ತುತ್ತಿದ್ದರು. ಆ ಕುರ್ಚಿಯಲ್ಲಿ ದೊಡ್ಡಪ್ಪನ ಬೆರಳುಗಳೂ ಹಾಗೇ ಹಿಡಿಯುತ್ತಿದ್ದವು. ಮೂವತ್ತು ವರ್ಷ ಎದುರಿಗೆ ಕೂತು ನೋಡಿದ ಕೈ. ಬಂದರೆ ಆಶ್ಚರ್ಯವೇನು ಎಂದು ಡೈರಿಯಲ್ಲಿ ನಾನೇ ಬರೆದಿದ್ದೇನೆ.

ಮಾರ್ಚ್‌ನ ಒಂದು ಸಂಜೆ ದೊಡ್ಡಮ್ಮ ಟೀ ತಂದರು. ದೊಡ್ಡಪ್ಪ ಬೆತ್ತದ ಕುರ್ಚಿಯಲ್ಲಿದ್ದರು.

"ರೀ, ಟೀ."

ಅವರು ಹಲಗೆಯಿಂದ ಕಣ್ಣು ತೆಗೆಯಲಿಲ್ಲ. ಎದುರಿಗಿದ್ದ ಖಾಲಿ ಕುರ್ಚಿಯ ಕಡೆಗೆ, ಟವೆಲ್ ಇದ್ದ ಕಡೆಗೆ, ಗಲ್ಲ ತೋರಿಸಿ, "ಮೊದ್ಲು ಅವನಿಗೆ ಕೊಡು" ಎಂದರು.

ದೊಡ್ಡಮ್ಮ ಲೋಟ ಹಿಡಿದುಕೊಂಡೇ ನಿಂತರು. ಆಮೇಲೆ ಅದನ್ನು ಜಗಲಿಯ ಕಟ್ಟೆಯ ಮೇಲೆ, ಎರಡು ಕುರ್ಚಿಗೂ ಸೇರದ ಜಾಗದಲ್ಲಿ ಇಟ್ಟು ಒಳಗೆ ಹೋದರು. ಟೀ ಕೆನೆಗಟ್ಟಿ ತಣ್ಣಗಾಯಿತು.

ಮಾಮ ಆಗ ಮೂರು ಆಟ ಕೆಳಗಿದ್ದರು. ದೊಡ್ಡಪ್ಪ ಬೇಕೆಂದೇ ತಮ್ಮ ಕಡೆ ಸೋಲಿಸುತ್ತಿದ್ದಾರೆ, ಗೆಳೆಯನಿಗೆ ಮರ್ಯಾದೆಯಾಗಿ ಲೆಕ್ಕ ಚುಕ್ತಾ ಮಾಡುತ್ತಿದ್ದಾರೆ ಎಂದು ನಾನು ನಂಬಿದ್ದೆ. ಪರೀಕ್ಷಿಸಿ ನೋಡಬಹುದಲ್ಲ ಎನಿಸಿತು. ಉದ್ದದ ಸಾಲುಗಳಿಗೆ ಕ, ಖ, ಗ, ಘ ಎಂದು ಹೆಸರಿಟ್ಟು, ಅಡ್ಡ ಸಾಲುಗಳಿಗೆ ಅಂಕಿ ಕೊಟ್ಟು, ಮೂರು ಆಟದ ಎಲ್ಲ ನಡೆಗಳನ್ನು ಬರೆದುಕೊಂಡೆ. ಒಂದು ದಿನ ಶಿವಮೊಗ್ಗದಲ್ಲಿ ಕಾಲೇಜು ಬಿಟ್ಟ ಮೇಲೆ ಅಲ್ಲೇ ವಿನೋಬನಗರಕ್ಕೆ ಹೋದೆ. ಅಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಚೆಸ್ ಕಲಿಸುವ ಮೇಷ್ಟ್ರೊಬ್ಬರಿದ್ದರು. ನನ್ನ ಸಹಪಾಠಿಯ ತಮ್ಮ ಅವರ ಶಿಷ್ಯ.

ಮೇಷ್ಟ್ರು ಮೊದಲು ನಕ್ಕರು. "ಹತ್ತು ಮನೆಯಾ? ನಂಗೆ ಎಂಟೇ ಸಾಕಾಗಿದೆಯಮ್ಮ."

ಆದರೂ ರಟ್ಟಿನ ಮೇಲೆ ಗೆರೆ ಎಳೆದು, ಜೋಡಿ ಕಾಯಿಗಳ ಜಾಗಕ್ಕೆ ಸೋಡಾ ಬಾಟಲಿಯ ಮುಚ್ಚಳ ಇಟ್ಟು ಆಡಿ ನೋಡಿದರು. ಹೀಗೆ ಹಲಗೆ ದೊಡ್ಡದು ಮಾಡಿ ಆನೆ-ಕುದುರೆ, ಒಂಟೆ-ಕುದುರೆ ಕೂಡಿಸುವುದು ಹೊಸದಲ್ಲ, ಬೇರೆ ದೇಶಗಳಲ್ಲಿ ನೂರಾರು ವರ್ಷದಿಂದ ಬೇರೆ ಬೇರೆಯವರು ಮಾಡಿದ್ದಾರೆ, ಆದರೆ ಹೊಡೆದ ಮೇಲೂ ಅರ್ಧ ಉಳಿಯುವುದನ್ನು ಎಲ್ಲೂ ಕೇಳಿಲ್ಲ ಎಂದರು. ಎರಡನೇ ಆಟಕ್ಕೆ ಬಂದಾಗ ಮಾತು ಕಡಿಮೆಯಾಯಿತು. ಮೂರನೇ ಆಟ ಮುಗಿದ ಮೇಲೆ ಮುಚ್ಚಳ ಕೈಯಲ್ಲಿ ಹಿಡಿದು ಕೂತರು.

"ಆ ಕಡೆ ಆಡಿದೋರು ಯಾರು?"

"ಎರಡೂ ಕಡೆ ಒಬ್ಬರೇ ಸಾರ್. ನಮ್ಮ ದೊಡ್ಡಪ್ಪ."

"ಸುಮ್ನಿರಮ್ಮ. ಈ ಕಡೆಯೋರು ಕುದುರೆ ಅಂದ್ರೆ ಹೆದರ್ತಾರೆ, ಮೂರು ಆಟದಲ್ಲೂ ಅದನ್ನ ಮೂಲೆಗೆ ಕೂರಿಸಿದಾರೆ. ಆ ಕಡೆಯೋರಿಗೆ ಕುದುರೆ ಅಂದ್ರೆ ಪ್ರಾಣ. ಸೋಲ್ತಿರೋರು ಬೇಕಂತ ಸೋಲ್ತಿಲ್ಲ, ಒದ್ದಾಡ್ತಿದಾರೆ. ಒಬ್ಬನೇ ಮನುಷ್ಯ ಎರಡೂ ಕಡೆ ಆಡಿದ್ರೆ ಒಂದು ಕಡೆ ಕಂಡ ತಪ್ಪು ಇನ್ನೊಂದು ಕಡೆಗೂ ಕಾಣುತ್ತೆ. ಇಲ್ಲಿ ಕಂಡಿಲ್ಲ."

ಮಾಮನ ಕಡೆಯ ಸಾಲು ತೋರಿಸಿ, "ಆ ಕಡೆಯೋರನ್ನ ಒಂದ್ಸಲ ಕರ್ಕೊಂಡು ಬಾ, ಆಡೋಣ" ಎಂದರು.

ಬರುತ್ತೇನೆ ಎಂದು ಹೇಳಿ ಎದ್ದೆ. ಮತ್ತೆ ಆ ಬೀದಿಗೆ ಹೋಗಲು ಬಹಳ ದಿನ ಮನಸ್ಸಾಗಲಿಲ್ಲ.

ಏಪ್ರಿಲ್ ಹೊತ್ತಿಗೆ ದೊಡ್ಡಪ್ಪ ಊಟ ಕಡಿಮೆ ಮಾಡಿದ್ದರು. ಕಾಯಿಲೆ ಏನೂ ಇರಲಿಲ್ಲ, ಡಾಕ್ಟರು ನೋಡಿ ಟಾನಿಕ್ ಕೊಟ್ಟಿದ್ದರು. ತಮ್ಮ ಉಳಿ, ಉಜ್ಜುಗೊರಡುಗಳನ್ನು ಎಣ್ಣೆ ಹಚ್ಚಿ ಒರೆಸಿ, ಪಕ್ಕದ ಮನೆಯ ಬಡಗಿಗೆ ಕೊಟ್ಟುಬಿಟ್ಟರು. ದೊಡ್ಡಮ್ಮ ಅದನ್ನು ನೋಡಿದರು. ಅವತ್ತು ಊಟಕ್ಕೆ ಬಡಿಸುತ್ತಾ ಕೇಳಿದರು.

"ಇನ್ನೆಷ್ಟು ಆಟ ಇದೆ ರೀ ಅಣ್ಣನದ್ದು?"

"ಒಂದು."

"ಆಮೇಲೆ?"

"ಆಮೇಲೆ ಸಮ."

"ಸಮ ಆದ್ಮೇಲೆ?"

"ಸಮ ಆದ್ಮೇಲೆ ಏನು? ಇಬ್ರೂ ಎದ್ದು ಹೋಗ್ಬಹುದು" ಎಂದು ದೊಡ್ಡಪ್ಪ ಮಜ್ಜಿಗೆ ಕಲಸಿಕೊಂಡರು.

ಮಕ್ಕಳಿಲ್ಲದ ಮನೆ ಅದು. ಒಬ್ಬರು ಎದ್ದು ಹೋದರೆ ಇನ್ನೊಬ್ಬರಿಗೆ ಉಳಿಯುವುದು ಏನೆಂದು ನನಗೂ ಗೊತ್ತಿತ್ತು. ಪಾತ್ರೆ ತೊಳೆಯುವಾಗ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು. ಅವರ ಕೈ ತುಂಬ ಸಬೀನ ಇತ್ತು.

"ನಿನ್ನ ಡೈರಿಯಲ್ಲಿ ಅಣ್ಣನ ಕಡೆಗೆ ನಾಲ್ಕು ಸೋಲು ಜಾಸ್ತಿ ಬರೆದುಬಿಡು ಮಗಾ."

"ದೊಡ್ಡಪ್ಪಂಗೂ ನೆನಪಿರುತ್ತೆ ದೊಡ್ಡಮ್ಮ. ಸುಳ್ಳು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ."

ಅವರು ಪಾತ್ರೆ ಉಜ್ಜಿದರು. ಒಂದು ತಟ್ಟೆ, ಇನ್ನೊಂದು ತಟ್ಟೆ.

"ಹಾಗಾದ್ರೆ ನಂಗೆ ಆ ಆಟ ಕಲಿಸು."

ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಪೇಟೆಗೆ ಹೋದ ಮೇಲೆ ಅಡುಗೆಮನೆಯ ಕೆಂಪು ನೆಲದ ಮೇಲೆ ದೊಡ್ಡಮ್ಮ ರಂಗೋಲಿ ಪುಡಿಯಲ್ಲಿ ಹತ್ತು ಹತ್ತು ಮನೆ ಎಳೆದರು. ಗೆರೆ ಒಂದೂ ಸೊಟ್ಟವಾಗಲಿಲ್ಲ. ಹುರುಳಿಕಾಯಿ ತುಂಡುಗಳು ಕಾಲಾಳು, ಆಲೂಗಡ್ಡೆ ಆನೆ, ಹಸಿಮೆಣಸಿನಕಾಯಿ ಕುದುರೆ, ಬೆಂಡೆಕಾಯಿ ಒಂಟೆ. ಆಲೂಗಡ್ಡೆಗೆ ಮೆಣಸಿನಕಾಯಿ ಚುಚ್ಚಿದರೆ ಆನೆಗುದುರೆ.

"ಇದನ್ನ ಹೊಡೆದ್ರೆ ಮೆಣಸಿನಕಾಯಿ ಅವರಿಗೆ, ಆಲೂಗಡ್ಡೆ ನಂಗೆ?"

"ಹೊಡೆದೋರಿಗೆ ಯಾವುದು ಬೇಕೋ ಅದು."

"ಮೂವತ್ತು ವರ್ಷ ಈ ಪಲ್ಯಕ್ಕೆ ನಾನು ಟೀ ಕಾಸಿದ್ನಾ?" ಎಂದು ದೊಡ್ಡಮ್ಮ ನಕ್ಕರು. ಆ ತಿಂಗಳಿಡೀ ನಾನು ಕೇಳಿದ ಅವರ ನಗು ಅದೊಂದೇ. ಕಾಯಿಗಳ ಹೆಸರು, ನಡೆ ತಕ್ಕಮಟ್ಟಿಗೆ ಬಂದವು. ಗೆಲ್ಲುವುದು ಹೇಗೆ ಎಂದು ಅವರು ಕೇಳಲೇ ಇಲ್ಲ. ಮಧ್ಯಾಹ್ನ ಅದನ್ನೇ ಹೆಚ್ಚಿ ಸಾಗು ಮಾಡಿದರು.

ಸಂಜೆ ದೊಡ್ಡಪ್ಪ ಹಲಗೆ ತಂದು, ಬೆತ್ತದ ಕುರ್ಚಿ ಎಳೆದು, ಕಾಯಿ ಜೋಡಿಸಿದರು. ಸ್ನಾನ ಮಾಡಿ ಮಡಿ ಪಂಚೆ ಉಟ್ಟಿದ್ದರು, ವಿಭೂತಿ ಹಚ್ಚಿದ್ದರು. ಬಿಸಿಲು ಇನ್ನೂ ಜಗಲಿಯ ಅರ್ಧಕ್ಕಿತ್ತು. ದೊಡ್ಡಮ್ಮ ಒಳಗಿನಿಂದ ಅಡುಗೆಮನೆಯ ಸ್ಟೂಲ್ ಹೊತ್ತು ತಂದರು. ಬೆತ್ತದ ಕುರ್ಚಿಯನ್ನು ಹಿಂದಕ್ಕೆ, ಗೋಡೆಗೆ ತಾಗುವಂತೆ ಸರಿಸಿ, ಅದರ ಮುಂದೆ ಸ್ಟೂಲ್ ಹಾಕಿ ಕೂತರು.

"ಏಳು ಮಾರಾಯ್ತಿ, ಅವನ ಆಟ ಇದೆ."

"ಅಣ್ಣನ ಆಟ ಆಮೇಲೆ. ಇದು ನನ್ನದು."

"ನಿಂಗೆ ಏನು ಗೊತ್ತು ಇದು?"

"ಮೂವತ್ತು ವರ್ಷದಿಂದ ಕೆಳಗೇ ಇದೀನಿ. ಇವತ್ತು ಕರೀತಾ ಇದೀನಿ, ಅಷ್ಟೇ."

ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ಅಂಪೈರ್. ದೊಡ್ಡಮ್ಮನ ಲೆಕ್ಕ ಸೊನ್ನೆ, ಸೊನ್ನೆಯಲ್ಲಿ ಯಾರೂ ಕೆಳಗಿಲ್ಲ, ಆದ್ದರಿಂದ ಕೂರಲೇಬೇಕೆಂದಿಲ್ಲ, ಇಷ್ಟವಿದ್ದರೆ ಕೂರಬಹುದು ಎಂದೆ. ದೊಡ್ಡಪ್ಪನಿಗೆ ನಗು ಬಂತು. "ಆಯ್ತು, ಒಂದು" ಎಂದು ಕೂತರು.

ಆಟ ಬೇಗ ಮುಗಿಯಿತು. ದೊಡ್ಡಮ್ಮ ಆನೆಗುದುರೆಯನ್ನು ತಂದು ಅವರ ಮಂತ್ರಿಯ ಬಾಯಿಗೇ ಇಟ್ಟರು. ದೊಡ್ಡಪ್ಪ ಕುದುರೆಯ ಅರ್ಧ ಕಳಚಿಕೊಂಡು ಆನೆಯನ್ನು ವಾಪಸು ಕೊಟ್ಟರು. ದೊಡ್ಡಮ್ಮ ಅದನ್ನೂ ಕಳೆದುಕೊಂಡರು. ಮೇಟ್.

ನಾನು ಹೊಸ ಪುಟದಲ್ಲಿ ಒಂದು ಗೆರೆ ಎಳೆದೆ. ದೊಡ್ಡಮ್ಮ ಒಂದು ಕೆಳಗೆ.

"ಹೂಂ, ಏಳು ಈಗ" ಎಂದು ದೊಡ್ಡಪ್ಪ ಗೋಡೆಯ ಬಳಿಯ ಕುರ್ಚಿ ನೋಡಿದರು.

"ಈಗ ಕೆಳಗಿದೀನಲ್ಲ? ಕರೆದೆ."

ದೊಡ್ಡಪ್ಪನ ಮುಖ ಬದಲಾಯಿತು. ಆಟ ಏನೆಂದು ಅವರಿಗೆ ಆಗ ತಿಳಿಯಿತು ಎಂದು ಕಾಣುತ್ತದೆ. "ಅವನು ಮೊದ್ಲೇ ಕರೆದಿದಾನೆ" ಎಂದರು, ಮೆಲ್ಲಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಇಬ್ಬರೂ ನನ್ನನ್ನು ನೋಡಿದರು. ಅಂಪೈರ್ ತೀರ್ಪು ಹೇಳಬೇಕಿತ್ತು. ಕಟ್ಟಳೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಾನು ಹೇಳಿದೆ: "ಕರೆದದ್ದು ನಂಗೆ ಕೇಳಿಸಿರಬೇಕು. ನಾನು ಕೇಳಿದ ಕರೆ ಮಾತ್ರ ಲೆಕ್ಕಕ್ಕೆ."

ಆಗ ಗೇಟಿನ ಚಿಲಕ ಬಡಿಯಿತು. ಎರಡು ಸಲ.

ಮೂವರೂ ತಿರುಗಿದೆವು. ಗೇಟಿನಲ್ಲಿ ಯಾರೂ ಇರಲಿಲ್ಲ. ಬೀದಿಯಲ್ಲಿ ಸೈಕಲ್ಲಿನವನೊಬ್ಬ ಹೋಗುತ್ತಿದ್ದ. ಎದುರು ಮನೆಯ ತಂತಿಯ ಮೇಲಿನ ಬಟ್ಟೆಗಳು ಅಲ್ಲಾಡುತ್ತಿರಲಿಲ್ಲ. ದೊಡ್ಡಪ್ಪ ನನ್ನ ಮುಖ ನೋಡುತ್ತಲೇ ಇದ್ದರು. ದೊಡ್ಡಮ್ಮ ನೋಡಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಹಲಗೆಯನ್ನೇ ನೋಡುತ್ತಾ ಕೂತಿದ್ದರು.

"ಗಾಳಿ" ಎಂದೆ. ಡೈರಿಯಲ್ಲೂ ಹಾಗೇ ಬರೆದೆ: ಗೇಟು, ಗಾಳಿ.

ದೊಡ್ಡಪ್ಪ ಗೋಡೆಯ ಬಳಿಯ ಬೆತ್ತದ ಕುರ್ಚಿಯನ್ನೊಮ್ಮೆ ನೋಡಿದರು. ಆಮೇಲೆ ಕಾಯಿ ಜೋಡಿಸತೊಡಗಿದರು. ದೊಡ್ಡಮ್ಮ ಎರಡನೇ ಆಟವನ್ನೂ ಸೋತರು.

ಅಲ್ಲಿಂದ ಮುಂದೆ ಪ್ರತಿ ಸಂಜೆ ನಾಲ್ಕಕ್ಕೆ ಮೊದಲೇ ದೊಡ್ಡಮ್ಮ ಸ್ಟೂಲ್ ಹಾಕಿಕೊಂಡು ಕೂತು, "ರೀ, ಕೆಳಗಿದೀನಿ, ಬನ್ನಿ" ಎನ್ನುತ್ತಿದ್ದರು. ನನಗೆ ಕೇಳಿಸುವಷ್ಟು ಜೋರಾಗಿ. ಬೇರೆ ಯಾರಿಗೋ ಕೇಳಲಿ ಎನ್ನುವಂತೆಯೂ ಇತ್ತು ಆ ದನಿ. ಒಂದೊಂದು ಆಟವನ್ನೂ ವಾರದುದ್ದಕ್ಕೂ ಎಳೆದು ಸೋಲುತ್ತಾ ಹೋದರು. ದೊಡ್ಡಪ್ಪನಿಗೆ ಹಸಿವು ಮರಳಿತು. ಪಕ್ಕದ ಬಡಗಿಯಿಂದ ಒಂದು ಉಳಿ ಎರವಲು ತಂದು ಸ್ಟೂಲಿನ ಅಲ್ಲಾಡುವ ಕಾಲು ಸರಿ ಮಾಡಿದರು. "ನಿಮ್ಮ ದೊಡ್ಡಮ್ಮಂಗೆ ಜನ್ಮಕ್ಕೂ ಈ ಆಟ ಬರಲ್ಲ ಮಾರಾಯ್ತಿ" ಎಂದು ನನ್ನ ಬಳಿ ಗೊಣಗಿದರು. ಬರಬಾರದು ಎಂದೇ ದೊಡ್ಡಮ್ಮ ಹರಕೆ ಹೊತ್ತಂತಿತ್ತು. ಮಾಮನ ಪುಟದಲ್ಲಿ 'ಒಂದು ಕೆಳಗೆ' ಎನ್ನುವುದು ಹಾಗೇ ನಿಂತಿತು.

೨೦೦೧ರಲ್ಲಿ ನನ್ನ ಡಿಗ್ರಿ ಮುಗಿಯಿತು. ವಿನೋಬನಗರದ ಒಂದು ಕ್ಲಿನಿಕ್ಕಿನಲ್ಲಿ ರಿಜಿಸ್ಟರ್ ಬರೆಯುವ ಕೆಲಸ ಸಿಕ್ಕಿ ಶಿವಮೊಗ್ಗದಲ್ಲೇ ರೂಮು ಮಾಡಿದೆ. ಶನಿವಾರ ಎಸ್‌ಟಿಡಿ ಬೂತಿನಿಂದ ಜನ್ನಾಪುರದ ಪಕ್ಕದ ಮನೆಗೆ ಫೋನ್ ಮಾಡಿದರೆ ದೊಡ್ಡಮ್ಮನನ್ನು ಕರೆಯುತ್ತಿದ್ದರು. ಮೊದಲು ಊಟ ಕೇಳುತ್ತಿದ್ದರು, ಆಮೇಲೆ ಲೆಕ್ಕ ಹೇಳುತ್ತಿದ್ದರು. ಅವರು ನೂರಕ್ಕೂ ಹೆಚ್ಚು ಆಟ ಕೆಳಗಿದ್ದರು. ಆ ಅಂಕಿ ಪ್ರತಿ ವಾರ ಏರುವುದನ್ನು ಬರೆದುಕೊಳ್ಳುವಾಗ ನನಗೆ ಬ್ಯಾಂಕಿನಲ್ಲಿ ದುಡ್ಡು ಇಟ್ಟಷ್ಟು ಸಮಾಧಾನ.

ಮುಂದಿನ ವರ್ಷದ ಮಳೆಗಾಲದ ಒಂದು ಶನಿವಾರ ಅವರು ಹೇಳಿದ ಅಂಕಿ ಹಿಂದಿನ ವಾರಕ್ಕಿಂತ ಕಡಿಮೆ ಇತ್ತು.

"ತಪ್ಪು ಹೇಳಿದ್ರಾ ದೊಡ್ಡಮ್ಮ?"

"ಗೆದ್ದುಬಿಟ್ಟೆ ಕಣೇ. ಬೇಕು ಅಂತ ಅಲ್ಲ. ಕೈ ಹೋಯ್ತು."

ಮುಂದಿನ ವಾರ ಇನ್ನೂ ಕಡಿಮೆ. ಅದರ ಮುಂದಿನ ವಾರ ಇನ್ನೂ. ವಾರವಿಡೀ ಎಳೆಯುತ್ತಿದ್ದ ಆಟ ಈಗ ಸಂಜೆಗೊಂದು ಮುಗಿಯುತ್ತಿತ್ತು. ನಾಲ್ಕು ವರ್ಷ ದಿನಾ ಆಡಿದರೆ ಕಲ್ಲೂ ಕಲಿಯುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅವರು ಒಪ್ಪಲಿಲ್ಲ. "ಕಲಿತೋಳಿಗೆ ಕಾಯಿ ಯಾಕಿಟ್ಟೆ ಅಂತ ಗೊತ್ತಿರಬೇಕಲ್ಲ? ನಾನು ಕೆಡಿಸೋಕೆ ಅಂತಾನೇ ಇಡ್ತೀನಿ. ಅದೇ ಸರಿ ಹೋಗುತ್ತೆ." ರೂಮಿನಲ್ಲಿ ಕೂತು ಇಳಿಯುವ ವೇಗವನ್ನು ಲೆಕ್ಕ ಹಾಕಿದೆ. ಯುಗಾದಿಯ ಹೊತ್ತಿಗೆ ಸಮವಾಗುವಂತಿತ್ತು. ಇನ್ನೊಮ್ಮೆ ಹಾಕಿದೆ. ಶಿವರಾತ್ರಿ.

ಭಾನುವಾರ ಬೆಳಗಿನ ಬಸ್ಸು ಹಿಡಿದು ಹೋದೆ. ದೊಡ್ಡಪ್ಪ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದರು, ಮೈ ತುಂಬಿಕೊಂಡಿದ್ದರು. "ಬಾರೇ ಅಂಪೈರ್, ನಿಮ್ಮ ದೊಡ್ಡಮ್ಮ ನನ್ನ ಮಾನ ಕಳೀತಿದಾಳೆ" ಎಂದರು. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ತೆಳ್ಳಗಾಗಿದ್ದರು. ಊಟವಾದ ಮೇಲೆ ಸ್ಟೂಲ್ ಹಾಕಿಕೊಂಡು ನಾನೇ ಕೂತೆ. ಆರು ವರ್ಷ ಆ ಹಲಗೆಯನ್ನು ನೋಡಿ ಬರೆದಿದ್ದೆನೇ ಹೊರತು ಅದರ ಒಂದು ಕಾಯಿಯನ್ನೂ ಮುಟ್ಟಿರಲಿಲ್ಲ. ಮರ ನಾನು ಅಂದುಕೊಂಡಿದ್ದಕ್ಕಿಂತ ತಣ್ಣಗಿತ್ತು.

"ನೀನೂ ಶುರುಮಾಡಿದ್ಯಾ?" ಎಂದರು ದೊಡ್ಡಪ್ಪ.

ಸೋತೆ. "ಕೆಳಗಿದೀನಿ ದೊಡ್ಡಪ್ಪ. ಮುಂದಿನ ಭಾನುವಾರಕ್ಕೆ ಕರೀತಿದೀನಿ. ಅಲ್ಲೀವರೆಗೂ ನೀವು ಎಲ್ಲಿಗೂ ಏಳೋ ಹಾಗಿಲ್ಲ."

"ವಾರಕ್ಕೊಂದು ಆಟಕ್ಕೆ ನನ್ನನ್ನ ಕಟ್ಟಿಹಾಕ್ತೀಯಲ್ಲೇ, ಭಲೇ ಇದೀಯ" ಎಂದು ನಕ್ಕರು. ದೊಡ್ಡಮ್ಮ ಅವತ್ತು ಸಂಜೆ ಆಡಲಿಲ್ಲ. ಒಳಗೆ ಹೋಗಿ ಮಲಗಿ ಕತ್ತಲಾಗುವವರೆಗೂ ನಿದ್ದೆ ಮಾಡಿದರು.

ಈಗ ಭಾನುವಾರ ತಪ್ಪಿಸುವುದಿಲ್ಲ. ಒಂಬತ್ತು ಕೆಳಗಿದ್ದೇನೆ. ಸೋಲುವುದು ಮೊದಮೊದಲು ಸುಲಭವಿತ್ತು, ಈಗ ಅದಕ್ಕೂ ಎಚ್ಚರವಾಗಿರಬೇಕು. ಹೋದ ವಾರ ಆಟ ಅರ್ಧಕ್ಕೆ ಬಂದಿತ್ತು. ದೊಡ್ಡಪ್ಪ ನನ್ನ ಒಂಟೆಗುದುರೆಯನ್ನು ಹೊಡೆದು ಒಂಟೆಯನ್ನು ಇಟ್ಟುಕೊಂಡು ಕುದುರೆಯನ್ನು ನನ್ನ ಕೈಗೆ ಕೊಟ್ಟರು. ಅದನ್ನು ಮೊದಲ ಸಾಲಿಗೆ ಇಳಿಸಿದೆ. ಇಳಿಸಿ ಎರಡು ನಡೆ ಆದ ಮೇಲೆ, ಅದು ಒಂದೇ ಒಂದು ಜಿಗಿತ ಜಿಗಿದರೆ ಆಟ ಮುಗಿಯುತ್ತದೆ ಎಂದು ಕಂಡಿತು. ನಾನು ಹುಡುಕಿ ಕಂಡದ್ದಲ್ಲ. ತಾನಾಗಿ ಕಂಡಿತು. ಕೈ ಆಗಲೇ ಅದರ ಮೇಲಿತ್ತು.

ಕೈ ತೆಗೆಯಬೇಕು ಅಂದುಕೊಂಡೆ. ತಕ್ಷಣ ತೆಗೆಯಲಾಗಲಿಲ್ಲ.

ದೊಡ್ಡಪ್ಪ ಹಲಗೆಯಿಂದ ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ. ನನ್ನ ಭುಜದ ಮೇಲಿಂದ, ಸ್ವಲ್ಪ ಹಿಂದಕ್ಕೆ ನೋಡಿ, ಹಳೆಯ ಸಲುಗೆಯಲ್ಲಿ ಹೇಳಿದರು:

"ಬಿಡೋ ಮಾರಾಯ. ಅವಳ ಆಟ ಅವಳು ಆಡ್ಲಿ."

ನಾನು ತಿರುಗಲಿಲ್ಲ. ಕೈ ಹಗುರವಾಯಿತು. ಅಂಚಿನ ಒಂದು ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದೆ.